ವಿಜಯಮ್ಮ ನೋಡಿದ ಮುಳ್ಳುಹಂದಿ ಸಿನಿಮಾ

ಸೋಮನೂರಿಗೆ ಬಂದ ಹೊಸತರಲ್ಲಿ ಮಹೇಶನಿಗೆ ತಾನೊಬ್ಬ ಅದ್ಭುತ ಮಾತುಗಾರ ಎಂಬ ಭ್ರಮೆ ಹತ್ತಿತ್ತು. ಅದಕ್ಕೆ ಕಾರಣ ಅವನ ಮನೆಯ ಒಡತಿ ವಿಜಯಮ್ಮ. ಸಂಜೆ ಕೊಯಮತ್ತೂರಿನಿಂದ ಬಸ್ಸಿನಲ್ಲಿ ನುಜ್ಜುಗುಜ್ಜಾಗಿ ಬಂದು ಅವನು ಜಗುಲಿಯ ಮೇಲೆ ಕೂತು ಬಾಯಿ ತೆರೆದನೆಂದರೆ ಸಾಕು, ಆಕೆ ಕೈಯಲ್ಲಿದ್ದ ಕೆಲಸ ಪಕ್ಕಕ್ಕಿಟ್ಟು, ಎದುರಿಗೆ ಕಾಲು ಮಡಚಿ ಕೂತು, ಕಣ್ಣು ಮಿಟುಕಿಸದೆ ಅವನ ಮುಖವನ್ನೇ ನೋಡುತ್ತಿದ್ದರು. ದಾವಣಗೆರೆಯಲ್ಲಿ ಇದೇ ಮಹೇಶ ಮಾತು ಶುರುಮಾಡಿದರೆ ಅಪ್ಪ ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು. ಅಕ್ಕ ಒಲೆಗೇ ಇಡದ ಕುಕ್ಕರನ್ನು ಇಳಿಸಲು ಒಳಗೆ ಓಡುತ್ತಿದ್ದಳು. ಇಲ್ಲಿ ನೋಡಿದರೆ ಪರವೂರಿನ ಹೆಂಗಸೊಬ್ಬಳು ಅವನ ಒಂದೊಂದು ಮಾತನ್ನೂ ಪ್ರಸಾದದ ಹಾಗೆ ಸ್ವೀಕರಿಸುತ್ತಿದ್ದಾಳೆ!

ಭ್ರಮೆಗೆ ಇನ್ನೂ ಎರಡು ಆಧಾರಗಳಿದ್ದವು. ಸಂಜೆಗತ್ತಲಾಗುತ್ತಿದ್ದಂತೆ, ಅವನು ಮಾತಾಡುವಾಗ ವಿಜಯಮ್ಮ ಎದ್ದುಹೋಗಿ ಜಗುಲಿಯ ಬಲ್ಬು ಹಾಕಿ ಬಂದು ಮತ್ತೆ ಕೂರುತ್ತಿದ್ದರು. ಇದು ದೀಪ ಬೆಳಗಿ ಸಭೆ ಉದ್ಘಾಟಿಸುವ ಪದ್ಧತಿಯಿರಬೇಕೆಂದು ಮಹೇಶ ಒಳಗೊಳಗೇ ಉಬ್ಬಿದ. ಇನ್ನೊಂದು ದಿನ ಆಕೆ, "ತಂಬಿ, ಆ ಮೀಸೆ ನಿನಗೆ ಬೇಡಪ್ಪಾ. ತೆಗೆದುಬಿಡು, ಲಕ್ಷಣವಾಗಿರ್ತೀಯ" ಎಂದರು. ಕಾಲೇಜಿನ ಕಾಲದಿಂದ ನೀರೆರೆದು ಬೆಳೆಸಿದ, ತುಟಿಯ ಮೇಲೆ ಮಾಡಿನಂತೆ ಇಳಿಬಿದ್ದಿದ್ದ ಮೀಸೆ ಅದು. ಅಭಿಮಾನಿಯ ಕೋರಿಕೆ ಎಂದು ಮಾರನೇ ದಿನವೇ ಬೋಳಿಸಿಕೊಂಡ.

ಇಷ್ಟಕ್ಕೂ ಅವನ ಮಾತಿನ ವಿಷಯ ಏನು? ತಾನು. ಗಾಂಧೀಪುರದ ಕಡೆ ಮೂರನೇ ಮಹಡಿಯಲ್ಲಿದ್ದ ಮಲ್ಟಿಮೀಡಿಯಾ ತರಬೇತಿ ಕೇಂದ್ರವೊಂದರಲ್ಲಿ ಅವನು ಆನಿಮೇಷನ್ ಕಲಿಸುತ್ತಿದ್ದ. ಕಲಿಸುವವನಿಗೆ ಬರಬೇಕೆಂಬ ನಿಯಮ ಅಲ್ಲಿರಲಿಲ್ಲ. ಅವನು ಸ್ವಂತವಾಗಿ ಸೃಷ್ಟಿಸಿದ್ದು ಜೀವಮಾನದಲ್ಲಿ ಎರಡೇ. ಪುಟಿಯುವ ಚೆಂಡು ಒಂದು. ಅದು ಪ್ರತಿ ಸಲ ಪುಟಿದಾಗಲೂ ನೆಲದೊಳಕ್ಕೆ ಚೂರು ಹೂತುಹೋಗುತ್ತಿತ್ತು. ಕಾಫಿ ಲೋಟ ಇನ್ನೊಂದು. ಅದರ ನೆರಳು ಕಿಟಕಿಯ ಕಡೆಗೇ ಬೀಳುತ್ತಿತ್ತು. ಅವನಿಗೆ ನಿಜವಾಗಿ ತಿಳಿದಿದ್ದ ಪಾಠವೆಂದರೆ ತುಟಿಗಳದ್ದು. ಬೊಂಬೆ ಮಾತಾಡುವಾಗ 'ಆ' ಎಂದರೆ ಬಾಯಿ ಹೇಗಿರಬೇಕು, 'ಓ' ಎಂದರೆ ಹೇಗೆ, 'ಪ' ಎಂದರೆ ಹೇಗೆ ಎಂಬ ಪಟ ಅವನ ತರಗತಿಯ ಗೋಡೆಯ ಮೇಲಿತ್ತು. ಹುಡುಗರ ಮುಂದೆ ನಿಂತು ಬಾಯಿಯನ್ನು ನಾನಾ ಆಕಾರಕ್ಕೆ ಹಿಗ್ಗಿಸಿ ಕುಗ್ಗಿಸಿ ತೋರಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಕೊಯಮತ್ತೂರು ಬಿಟ್ಟು ಅಷ್ಟು ದೂರದ ಸೋಮನೂರಿನಲ್ಲಿ ಮನೆ ಮಾಡಿದ್ದಕ್ಕೂ ಕಾರಣ ಮಾತೇ. ಅವನ ತಮಿಳು 'ಇಲ್ಲೆ', 'ಪೋದುಂ' ದಾಟಿ ಮುಂದೆ ಹೋಗಿರಲಿಲ್ಲ. ಸೋಮನೂರಿನ ನೇಕಾರರ ಕೇರಿಯಲ್ಲಿ ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಆಡುತ್ತಾರೆ ಎಂದು ಯಾರೋ ಹೇಳಿದ್ದರು. ಬಂದು ನೋಡಿದರೆ ನಿಜ. ಕನ್ನಡವೇ, ಆದರೆ ತಮಿಳಿನ ರಾಗದಲ್ಲಿ, ಅರ್ಧಕ್ಕರ್ಧ ತಮಿಳು ಪದ ಹಾಕಿ. ಮಹೇಶನ ಕನ್ನಡ ಕೇಳಿ ಕೇರಿಯ ಮಕ್ಕಳು, "ಟೀವಿ ವಾರ್ತೆ ಬಂತು" ಎಂದು ನಗುತ್ತಿದ್ದರು.

ವಿಜಯಮ್ಮ ವೆಳ್ಳಕೋಯಿಲ್‌ನ ಕಡೆಯಿಂದ ಸೊಸೆಯಾಗಿ ಬಂದವರು. ಬಂದಾಗ ಮನೆಯಲ್ಲಿ ಕೈಮಗ್ಗವಿತ್ತಂತೆ. ಗಂಡ ಅದನ್ನು ಮಾರಿ ಪವರ್‌ಲೂಮ್ ತಂದರು. ಆ ಸದ್ದಿಗೆ ಮೊದಲ ದಿನ ಹಿತ್ತಿಲಿನ ಕೋಳಿ ಓಡಿಹೋಯಿತು, ಎರಡನೇ ದಿನ ಅತ್ತೆ ಮಗಳ ಮನೆಗೆ ಹೋದರು, ವಿಜಯಮ್ಮ ಮಾತ್ರ ಉಳಿದರು. ಗಂಡ ತೀರಿಕೊಂಡ ಮೇಲೆ ಮಗ ಕುಮರೇಶನ್‌ನನ್ನು ಬೆಳೆಸಿದ್ದು, ಒಂದು ಮಗ್ಗವನ್ನು ಎಂಟು ಮಾಡಿದ್ದು, ಮನೆಯ ಮೇಲೆ ಮಹೇಶನಂಥವರಿಗಾಗಿ ರೂಮು ಕಟ್ಟಿಸಿದ್ದು ಎಲ್ಲವೂ ಆ ಸದ್ದಿನ ನಡುವೆಯೇ. ಆ ಮನೆಯಲ್ಲಿ ಮಗ್ಗಕ್ಕೆ 'ತರಿ' ಎನ್ನುತ್ತಿದ್ದರು. ಎಂಟು ತರಿಗಳಲ್ಲಿ ಎರಡು ವಿಜಯಮ್ಮನವು. ಅವಕ್ಕೆ ಹೆಸರೂ ಇತ್ತು. ಮೂಲೆಯದು 'ತಂಗಿ', ಸಾಧು. ಮಧ್ಯದ್ದು 'ಸೊಸೆ', ದಿನಕ್ಕೊಂದು ದೂರು. ನಿಜವಾದ ಸೊಸೆ ಪಂಕಜಂ ಪಕ್ಕದ ತರಿಯಲ್ಲೇ ನಿಂತಿರುತ್ತಿದ್ದಳು. ಈ ಹೆಸರು ಅವಳಿಗೆ ಗೊತ್ತಿತ್ತು. ಅವಳ ಒಂದು ತರಿಗೆ 'ಅತ್ತೆ' ಎಂದು ಹೆಸರಿತ್ತು.

ಆ ಶೆಡ್ಡಿನೊಳಗೆ ಯಾರೂ ಕೂಗಿ ಮಾತಾಡುವುದಿಲ್ಲ. ಕೂಗಿದರೂ ಕೇಳುವುದಿಲ್ಲ. ಎಂಟು ತರಿ ಒಟ್ಟಿಗೆ ಬಡಿಯುವಾಗ ಬಾಯಿ ಆಡಿಸುತ್ತಾರೆ, ಎದುರಿನವರು ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಅಡುಗೆ ಏನು, ಯಾರ ಮದುವೆ ಮುರಿಯಿತು, ಮಹಡಿ ಮೇಲಿನ ತಂಬಿ ಎಷ್ಟು ಹೊತ್ತಿಗೆ ಎದ್ದ, ಎಲ್ಲವೂ ಹಾಗೆಯೇ ಈ ಗೋಡೆಯಿಂದ ಆ ಗೋಡೆಗೆ ಹೋಗುತ್ತದೆ.

ಆದರೆ ಕಿವಿಗೂ ಅಲ್ಲಿ ಕೆಲಸವಿದೆ ಎಂಬುದು ಕುಮರೇಶನ್‌ನ ನಂಬಿಕೆ. ಪಕ್ಕದ ಶೆಡ್ಡಿನ ಸುಬ್ಬಯ್ಯನ್‌ಗೆ ವಯಸ್ಸಾಗಿ ಕಿವಿ ಮಂದವಾಗಿತ್ತು. ಒಂದು ದಿನ ಲಾಳಿ ತಪ್ಪಿ ಬಡಿಯುತ್ತಿದ್ದದ್ದು ಅವರಿಗೆ ಕೇಳಿಸದೆ, ಅದು ಸಿಡಿದು ಬಂದು ಮೊಣಕೈ ಮುರಿಯಿತು. ಈಗ ಸುಬ್ಬಯ್ಯನ್ ದಿನವಿಡೀ ಮನೆಮುಂದಿನ ತಿಣ್ಣೆಯ ಮೇಲೆ ಕೂತು ಹೋಗಿಬರುವ ಬಸ್ಸು ನೋಡುತ್ತಾರೆ. ಅಂದಿನಿಂದ ಕುಮರೇಶನ್ ಒಂದು ಕಾನೂನು ಮಾಡಿಬಿಟ್ಟ: ಕಿವಿ ಕೇಳದವರು ತರಿಯ ಮುಂದೆ ನಿಲ್ಲಬಾರದು. ಹೇಳುವಾಗ ಅಮ್ಮನ ಕಡೆ ನೋಡಿ, "ಯಾರಾದರೂ ಸರಿ" ಎಂದಿದ್ದ. ವಿಜಯಮ್ಮ, "ಸರಿಯಾಗಿ ಹೇಳ್ದೆ ನನ್ನ ಕಣ್ಣು" ಎಂದು ತಂಗಿಯ ಕಡೆ ನಡೆದಿದ್ದರು. ತಿಣ್ಣೆಯ ಮೇಲೆ ಕೂತು ಬಸ್ಸು ನೋಡುವುದೆಂದರೆ ಆಕೆಗೆ ಮಸಣದ ದಾರಿಯಲ್ಲಿ ಅರ್ಧ ನಡೆದ ಹಾಗೆ. ಎರಡು ತರಿ ಕೈಬಿಟ್ಟರೆ ತನ್ನ ಹತ್ತಿರ ಇನ್ನೇನೂ ಇಲ್ಲ ಎಂದು ಆಕೆ ಪಂಕಜಂ ಎದುರು ಎಷ್ಟೋ ಸಲ ಆಡಿದ್ದುಂಟು.

ಹೀಗಿರುವಾಗ ಆ ವರ್ಷದ ಬೇಸಿಗೆ ರಜೆಗೆ ಮುಳ್ಳುಹಂದಿ ಸಿನಿಮಾ ಬಂತು. ಪೂರ್ತಿ ಕಂಪ್ಯೂಟರಿನಲ್ಲೇ ಮಾಡಿದ ಚಿತ್ರ. ಮುಳ್ಳುಹಂದಿಗಳ ಸಂಸಾರವೊಂದು ಕಳೆದುಹೋದ ತಾತನನ್ನು ಹುಡುಕುತ್ತ ಹಿಮದ ಬೆಟ್ಟ ದಾಟುವ ಕಥೆ. ತಮಿಳಿನಲ್ಲಿ ಡಬ್ ಆಗಿತ್ತು. ಮಕ್ಕಳ ಟಿಫಿನ್ ಡಬ್ಬಿ, ನೀರಿನ ಬಾಟಲಿ, ತಿರುಪ್ಪೂರಿನ ಬನಿಯನ್ನು, ಎಲ್ಲದರ ಮೇಲೂ ಮುಳ್ಳುಹಂದಿ. ತರಬೇತಿ ಕೇಂದ್ರದ ಮ್ಯಾನೇಜರ್ ಸೂರಜ್, ಮಂಗಳೂರಿನವನು, ಎಲ್ಲರನ್ನೂ ಕೂರಿಸಿ ಹೇಳಿದ: "ನೋಡಿ ಮಾರಾಯ್ರೆ, ಭಾನುವಾರ ಬೆಳಗಿನ ಆಟ ಪೂರ್ತಿ ನಮ್ಮದು. ಒಬ್ಬೊಬ್ಬರೂ ನಿಮ್ಮ ಕೇರಿಯಿಂದ ಜನ ಕರಕೊಂಡು ಬನ್ನಿ. ಪಿಕ್ಚರ್ ನೋಡಿದ ಅಪ್ಪ ಅಮ್ಮ ಅಲ್ಲೇ ಮಕ್ಕಳನ್ನು ಸೇರಿಸಬೇಕು. ಮಹೇಶ್, ನೀವು ಸೋಮನೂರು. ಬಾಯಿ ಅಂತೂ ಉಂಟಲ್ಲ ನಿಮಗೆ."

ಬಾಯಿ ಇತ್ತು. ಆ ಸಂಜೆ ಜಗುಲಿಯಲ್ಲಿ ಮಹೇಶ ಆ ಸಿನಿಮಾದ ಒಂದೊಂದು ಮುಳ್ಳನ್ನೂ ಹೇಗೆ ಮಾಡುತ್ತಾರೆ, ಗಾಳಿಗೆ ಹೇಗೆ ಅಲುಗಿಸುತ್ತಾರೆ ಎಂದು ವಿವರಿಸಿದ. ಕುಮರೇಶನ್‌ನ ಮಗಳು ಕೃತ್ತಿಕಾ, ಮೂರನೇ ಕ್ಲಾಸು, "ಅಂಕಲ್, ಈ ಪಡ ನೀವೇ ಮಾಡಿದ್ದಾ?" ಎಂದು ಕಣ್ಣರಳಿಸಿದಳು. ಮಹೇಶ 'ಇಲ್ಲ' ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಕೆಮ್ಮು ಬಂತು. ಕೆಮ್ಮು ನಿಲ್ಲುವ ಹೊತ್ತಿಗೆ ಕೃತ್ತಿಕಾ ಕೇರಿಗೆಲ್ಲ ಸುದ್ದಿ ಮುಟ್ಟಿಸಿಯಾಗಿತ್ತು.

ಎಲ್ಲರೂ ಬರುತ್ತೇವೆಂದರು, ವಿಜಯಮ್ಮ ಒಬ್ಬರನ್ನು ಬಿಟ್ಟು. "ನನಗೆ ವೇಂಡಾ ತಂಬಿ. ನೀವು ಹೋಗಿ ಬನ್ನಿ."

"ಅಮ್ಮಾ, ನೀವು ಬರದೇ ಇದ್ದರೆ ಹೇಗೆ? ನನ್ನ ಮಾತು ಅರ್ಥಮಾಡಿಕೊಳ್ಳುವವರು ಈ ಊರಲ್ಲಿ ನೀವೊಬ್ಬರೇ. ಪಕ್ಕದಲ್ಲೇ ಕೂತು ಎಲ್ಲಾ ವಿವರಿಸ್ತೀನಿ."

"ಅದಕ್ಕೇ ಬೇಡ ಅಂದದ್ದು" ಎಂದು ಪಂಕಜಂ ಒಳಗಿನಿಂದ ನಕ್ಕಳು.

ಕುಮರೇಶನ್ ಮಾತ್ರ ನಗಲಿಲ್ಲ. "ಯಾಕಮ್ಮಾ? ಮೊದಲು ಎಲ್ಲಾ ಪಡಕ್ಕೂ ನೀನೇ ಮುಂದೆ. ಈಗೀಗ ಟೀವಿ ಮುಂದೆಯೂ ಕೂರೋದಿಲ್ಲ. ಏನಾಗಿದೆ?" ಎಂದು ಅಮ್ಮನ ಮುಖ ನೋಡಿದ. ವಿಜಯಮ್ಮ ತಟ್ಟನೆ ಎದ್ದರು. "ಏನಾಗೋದು? ಬರ್ತೀನಿ. ಮಡಿಸಿದ ಸೀರೆ ಒಂದಿದೆ, ಅದನ್ನು ಯಾವಾಗ ಉಡಲಿ!" ತನ್ನ ಮಾತಿನ ಶಕ್ತಿಗೆ ಇದು ಇನ್ನೊಂದು ಗೆಲುವು ಎಂದು ಮಹೇಶ ಬರೆದುಕೊಂಡ, ಮನಸ್ಸಿನಲ್ಲಿ.

ಭಾನುವಾರ ಬಟ್ಟೆ ಸಾಗಿಸುವ ಟೆಂಪೋದಲ್ಲಿ ಜಮಖಾನ ಹಾಸಿ ಹೊರಟರು. ಕುಮರೇಶನ್ ಓಡಿಸಿದ. ಥಿಯೇಟರಿನಲ್ಲಿ ಮಹೇಶ ಹೇಳಿದ ಹಾಗೆಯೇ ವಿಜಯಮ್ಮನ ಪಕ್ಕದಲ್ಲಿ ಕೂತ. ದೀಪ ಆರಿತು. ಮುಳ್ಳುಹಂದಿಗಳು ಬಂದವು. ಮಹೇಶ ಆಕೆಯ ಕಿವಿಯ ಹತ್ತಿರ ಬಾಗಿ, ಮುಳ್ಳಿನ ತಾಂತ್ರಿಕತೆಯನ್ನು ಬಿಡಿಸಿ ಬಿಡಿಸಿ ಹೇಳತೊಡಗಿದ. ಆಕೆ ತೆರೆಯಿಂದ ಕಣ್ಣು ತೆಗೆಯದೆ, "ಆಮಾ, ಆಮಾ" ಎಂದು ಎಲ್ಲಕ್ಕೂ ಹೌದೆನ್ನುತ್ತ ತಲೆಯಾಡಿಸುತ್ತಿದ್ದರು.

"ಅರ್ಥ ಆಗ್ತಿದೆಯಾ ಅಮ್ಮಾ?"

"ಆಮಾ."

"ನಾನು ಜಾಸ್ತಿ ಮಾತಾಡ್ತಿದ್ದೀನಾ?"

"ಆಮಾ, ಆಮಾ."

ಮಹೇಶನಿಗೆ ಸ್ವಲ್ಪ ಚುಚ್ಚಿತು. ಅಷ್ಟರಲ್ಲಿ ಕಥೆ ಕರುಳು ಹಿಂಡುವ ಘಟ್ಟಕ್ಕೆ ಬಂತು. ತಾತ ಮುಳ್ಳುಹಂದಿ ಹಿಮದ ಗುಹೆಯೊಂದರಲ್ಲಿ ಸಿಕ್ಕಿಬಿದ್ದಿದೆ. ಇನ್ನು ತಾನು ಉಳಿಯುವುದಿಲ್ಲವೆಂದು, ದೂರದಲ್ಲಿರುವ ಹೆಂಡತಿಗೆ ಗಾಳಿಯಲ್ಲೇ ಕೊನೆಯ ಮಾತು ಹೇಳುತ್ತಿದೆ. ಥಿಯೇಟರಿನ ಮಕ್ಕಳೆಲ್ಲ ಮೂಗು ಎಳೆಯುತ್ತಿದ್ದರು. ಪಂಕಜಂ ಸೆರಗು ಕಣ್ಣಿಗೊತ್ತಿಕೊಂಡಳು. ಆಗ ವಿಜಯಮ್ಮ ಹೊಟ್ಟೆ ಹಿಡಿದುಕೊಂಡು ಗಹಗಹಿಸಿ ನಕ್ಕರು. ಮುಂದಿನ ಸಾಲಿನವರು ತಿರುಗಿ ನೋಡಿದರು. ಕೃತ್ತಿಕಾ, "ಅವ್ವಾ, ತಾತ ಸಾಯ್ತಿದೆ! ನೀ ನಗ್ತಿದೀಯ!" ಎಂದು ಅಳುತ್ತಲೇ ಬೈದಳು. ಎರಡು ಸೀಟು ಆಚೆ ಕೂತಿದ್ದ ಕುಮರೇಶನ್ ಕತ್ತು ಚಾಚಿದ.

ಆಕೆಗೆ ಏನೋ ಆಗಿದೆ ಎಂದು ಮಹೇಶ ಗಾಬರಿಯಾದ. "ಹೊರಗೆ ಹೋಗಬೇಕಾ ಅಮ್ಮಾ?"

"ಆಮಾ."

ಕೈಹಿಡಿದು ಎಬ್ಬಿಸಿ ಹೊರಗೆ ಕರೆತಂದ. ಬೆಳಕಿಗೆ ಬಂದದ್ದೇ ವಿಜಯಮ್ಮ ಕೈ ಕೊಡವಿಕೊಂಡರು. "ಎಲ್ಲಿಗೆ ಎಳ್ಕೊಂಡು ಬಂದೆ? ಪಡ ಮುಗಿದಿಲ್ಲ!"

"ನೀವೇ ಹೋಗಬೇಕು ಅಂದ್ರಲ್ಲಮ್ಮಾ" ಎಂದ ಮಹೇಶ, ಗೋಡೆಯ ಪೋಸ್ಟರಿನ ಕಡೆ ಮುಖ ಮಾಡಿ, ಸ್ವಲ್ಪ ಸಿಟ್ಟಿನಲ್ಲಿ. ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದ. ಹಿಂದಿನಿಂದ ಭುಜದ ಮೇಲೆ ಏಟು ಬಿತ್ತು.

"ಈ ಕಡೆ ತಿರುಗಿ ಮಾತಾಡು. ಬೆನ್ನಿನ ಮೇಲೆ ಬಾಯಿದೆಯಾ ನಿನಗೆ?"

ಮಹೇಶ ತಿರುಗಿದ. ವಿಜಯಮ್ಮನ ಕಣ್ಣು ಅವನ ಕಣ್ಣಿನ ಮೇಲಿರಲಿಲ್ಲ, ತುಟಿಯ ಮೇಲಿತ್ತು. ಯಾವತ್ತೂ ಅಲ್ಲೇ ಇತ್ತು. ಜಗುಲಿಯ ಬಲ್ಬು ಯಾಕೆ ಉರಿಯುತ್ತಿತ್ತು, ಮೀಸೆ ಯಾಕೆ ಹೋಯಿತು ಎಂದು ಒಂದಾದ ಮೇಲೊಂದು ಹೊಳೆದು ಅವನು ಪಾಪ್‌ಕಾರ್ನ್ ಅಂಗಡಿಯ ಕಟ್ಟೆಗೆ ಆನಿಕೊಂಡ. ಬಾಯಿ ತುಂಬ ತುಟಿಯ ಪಾಠ ಹೇಳುವ ಮೇಷ್ಟ್ರು! ಎದುರಿಗೇ ಕೂತು ದಿನಾ ತುಟಿ ಓದುವವರನ್ನು ತನ್ನ ಅಭಿಮಾನಿ ಅಂದುಕೊಂಡವನು!

"ಅಮ್ಮಾ, ನಿಮಗೆ ಕಿವಿ..."

"ಶ್! ಮೆಲ್ಲಗೆ" ಎಂದರು ವಿಜಯಮ್ಮ, ಇಡೀ ಥಿಯೇಟರಿಗೆ ಕೇಳುವಷ್ಟು ಗಟ್ಟಿಯಾಗಿ. ಆಮೇಲೆ ಸೀರೆಯ ನಿರಿಗೆ ಸರಿಮಾಡಿಕೊಂಡರು. "ಪೂರಾ ಹೋಗಿದೆ. ಕುಮರೇಶನ್‌ಗೆ ಗೊತ್ತಾದ್ರೆ ನಾಳೆಯಿಂದ ನಾನೂ ಸುಬ್ಬಯ್ಯನ್ ಪಕ್ಕದಲ್ಲಿ ತಿಣ್ಣೆ ಮೇಲೆ. ನೀ ಹೇಳಲ್ಲ ತಾನೆ?"

ಮಹೇಶ ಹೇಳುವುದಿಲ್ಲ ಎಂದು ತಲೆಯಾಡಿಸಿದ. ಆ ಕ್ಷಣದಲ್ಲಿ ಅವನಿಗೆ ಆಕೆಯ ಎರಡು ತರಿಗಳೂ ತನ್ನ ಕೈಯಲ್ಲಿವೆ ಅನ್ನಿಸಿ, ಬಹಳ ಭಾರವಾದ, ಸ್ವಲ್ಪ ಹೆಮ್ಮೆಯೂ ಇದ್ದ ಒಂದು ಭಾವ ಬಂತು. "ಮತ್ತೆ ತಾತ ಸಾಯುವಾಗ ಯಾಕೆ ನಕ್ಕಿರಿ?"

"ಸಾಯ್ತಿತ್ತಾ ಅದು? ನಾನು ಅದು ಹೆಂಡತಿ ಕಾಟ ತಾಳದೆ ಓಡಿಬಂದು ಗುಹೆಯಲ್ಲಿ ಬಚ್ಚಿಟ್ಟುಕೊಂಡಿದೆ ಅಂದ್ಕೊಂಡೆ. ಅವಳು ಬರೋ ದಾರಿ ನೋಡಿ ಬಾಯಿ ಬಾಯಿ ಬಿಡ್ತಿತ್ತಲ್ಲ!" ಆಮೇಲೆ ಸಿಟ್ಟಿನಿಂದ ಹೇಳಿದರು: "ನಿನ್ನ ಹಂದಿಗಳ ಬಾಯಿ ನೆಟ್ಟಗಿಲ್ಲ ತಂಬಿ. ತಮಿಳು ಅಂದ್ರು. ಒಂದಾದ್ರೂ ತಮಿಳು ಆಡ್ತಾ? ನೀನೇ ತಾನೆ ಮಾಡಿದ್ದು? ಕೆಲಸ ಸರಿಯಾಗಿ ಕಲಿ."

ಬಾಯಿಗಳು ಆಡಿದ್ದು ಇಂಗ್ಲಿಷ್, ಧ್ವನಿ ಮಾತ್ರ ತಮಿಳು ಎಂದು ಮಹೇಶ ವಿವರಿಸಬಹುದಿತ್ತು. ಹಾಗೆ ಹೇಳಿದರೆ ಸಿನಿಮಾ ತನ್ನದಲ್ಲ ಎಂದೂ ಹೇಳಬೇಕಾಗುತ್ತಿತ್ತು. "ಮುಂದಿನ ಸಲ ಸರಿಮಾಡ್ತೀನಿ ಅಮ್ಮಾ" ಎಂದ.

ಮಧ್ಯಾಹ್ನ ಹಿಂತಿರುಗುವಾಗ ವಿಜಯಮ್ಮ ಮುಂದೆ, ಕುಮರೇಶನ್‌ನ ಪಕ್ಕದಲ್ಲಿ ಕೂರಬೇಕಾಯಿತು. ಅವನೇ ಬೇಕೆಂದು ಕೂರಿಸಿಕೊಂಡ. ಸೂಲೂರು ದಾಟುವ ಹೊತ್ತಿಗೆ ಅಮ್ಮನ ಕಡೆ ತಿರುಗಿ ಶುರುಮಾಡಿದ. "ಪಡ ಹೆಂಗಿತ್ತಮ್ಮಾ? ಕಥೆ ಹೇಳು ನೋಡೋಣ."

ಹಿಂದೆ ಜಮಖಾನದ ಮೇಲಿದ್ದ ಮಹೇಶ ಮೊಣಕಾಲ ಮೇಲೆ ಮುಂದಕ್ಕೆ ತೆವಳಿದ. ವಿಜಯಮ್ಮ ಸಹಜವಾಗಿ ತಲೆ ತಿರುಗಿಸಿ ಸೀಟಿನ ಹಿಂದಿನ ಕಿಂಡಿಯಲ್ಲಿ ಅವನತ್ತ ನೋಡಿದರು. ಆಗ ಮಹೇಶನಿಗೆ ತನ್ನ ಜೀವನದ ಏಕೈಕ ವಿದ್ಯೆ ಉಪಯೋಗಕ್ಕೆ ಬರುವ ಗಳಿಗೆ ಬಂದಿದೆ ಎಂದು ತಿಳಿಯಿತು. ಸದ್ದಿಲ್ಲದೆ, ತರಗತಿಯ ಪಟದಲ್ಲಿರುವ ಹಾಗೆಯೇ, ಒಂದೊಂದು ಅಕ್ಷರಕ್ಕೂ ಬಾಯಿಯನ್ನು ಪೂರ್ತಿ ಅರಳಿಸಿ ಕಥೆ ಹೇಳತೊಡಗಿದ. ತಾ-ತ ಕಳೆ-ದು ಹೋ-ಯಿ-ತು. ಎಲ್ಲ-ರೂ ಹು-ಡು-ಕಿ-ದ-ರು. ಪಕ್ಕದಲ್ಲಿ ಕೂತಿದ್ದ ಪಂಕಜಂ ಇವನಿಗೆ ಹಲ್ಲುನೋವಿರಬೇಕೆಂದು ಲವಂಗ ಹುಡುಕಿದಳು.

"ತಾತ ಕಳೆದುಹೋಯ್ತು" ಎಂದರು ವಿಜಯಮ್ಮ ಮುಂದೆ, ನಿಧಾನವಾಗಿ. "ಎಲ್ಲರೂ ಹುಡುಕಿದ್ರು. ಗುಹೆಯಲ್ಲಿ ಸಿಕ್ತು. ಎಲ್ಲರೂ ಅತ್ರು."

"ನೀನು ನಕ್ಕೆಯಲ್ಲ?"

ಮಹೇಶ ಬಾಯಿ ಹಿಗ್ಗಿಸಿದ: ಹಿಂ-ದಿ-ನ ಸೀ-ಟಿ-ನ-ವ-ರು ಏ-ನೋ ಜೋ-ಕು ಮಾ-ಡಿ-ದ-ರು ಅ-ನ್ನಿ.

"ಹಿಂದಿನ ಸೀಟಿನವರು ಏನೋ ಜೋಕು ಮಾಡಿದ್ರು ಅನ್ನಿ" ಎಂದರು ವಿಜಯಮ್ಮ.

ಟೆಂಪೋ ಕರುಮತ್ತಂಪಟ್ಟಿಯ ಚಹಾ ಅಂಗಡಿಯ ಮುಂದೆ ನಿಂತಿತು. ಕುಮರೇಶನ್ ಇಂಜಿನ್ ಆರಿಸಿ, ತಲೆಯ ಮೇಲಿನ ಕನ್ನಡಿಯಲ್ಲಿ ಮಹೇಶನನ್ನೇ ನೋಡುತ್ತಿದ್ದ. ಮಹೇಶ ಬಾಯಿ ಮುಚ್ಚಿಕೊಂಡ. ಕುಮರೇಶನ್ ಹುಟ್ಟಿದ್ದೇ ತರಿಗಳ ನಡುವೆ. ತುಟಿ ಓದುವುದು ಅವನಿಗೆ ಅಮ್ಮ ಕಲಿಸಿದ ಮೊದಲ ಓದು. ಆ ಕೇರಿಯಲ್ಲಿ ಸದ್ದಿಲ್ಲದೆ ಮಾತಾಡಿ ಗುಟ್ಟು ಮಾಡಬಹುದೆಂದು ನಂಬಿದ ಮೊದಲ ಪ್ರಾಣಿ ಮಹೇಶ.

"ಸಾರ್, 'ಅನ್ನಿ' ಅನ್ನೋದು ಒಳಗೆ ಸೇರಿಸಬಾರದಿತ್ತು" ಎಂದ ಕುಮರೇಶನ್. ಇಳಿದು ಎಲ್ಲರಿಗೂ ಚಹಾ ತರಿಸಿದ. ಊರು ಮುಟ್ಟುವವರೆಗೆ ಅಮ್ಮನ ಕಡೆ ನೋಡಲಿಲ್ಲ. ವಿಜಯಮ್ಮ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ರಸ್ತೆಯಲ್ಲಿ ಹೋಗುವ ಬಸ್ಸುಗಳನ್ನು ನೋಡುತ್ತ ಕೂತಿದ್ದರು. ಅದನ್ನು ನೋಡಲಾರದೆ ಮಹೇಶ ತನ್ನ ಚಹಾದಲ್ಲಿ ಬಿದ್ದ ನೊಣವನ್ನು ತೆಗೆಯದೇ ಕುಡಿದುಬಿಟ್ಟ.

ಮಾರನೇ ಬೆಳಿಗ್ಗೆ ಅವನು ಕೆಲಸಕ್ಕೆ ರಜೆ ಹಾಕಿದ. ಹಾಕದಿದ್ದರೂ ನಡೆಯುತ್ತಿತ್ತು, ಸೋಮನೂರಿನಿಂದ ಕೇಂದ್ರಕ್ಕೆ ಒಬ್ಬರೂ ಸೇರಿರಲಿಲ್ಲ, ಸೂರಜ್‌ನ ಮುಖ ನೋಡುವುದು ಒಂದು ದಿನ ತಡವಾದಷ್ಟೂ ಒಳ್ಳೆಯದೇ. ಶೆಡ್ಡಿನ ಬಾಗಿಲಲ್ಲಿ ಬಂದು ನಿಂತ. ಎಂಟೂ ತರಿ ಓಡುತ್ತಿದ್ದವು. ವಿಜಯಮ್ಮ ಎಂದಿನಂತೆ ಬರಿಗಾಲಲ್ಲಿ ತಂಗಿ ಮತ್ತು ಸೊಸೆಯ ನಡುವೆ ನಿಂತಿದ್ದರು. ಅವರ ಬೆನ್ನ ಹಿಂದೆ ಕುಮರೇಶನ್. ಬಾಯಿ ತೆರೆದು ಏನೋ ಕೂಗಿದ. ಆಕೆ ತಿರುಗಲಿಲ್ಲ. ಮತ್ತೆ ಕೂಗಿದ, ಕುತ್ತಿಗೆಯ ನರ ಉಬ್ಬುವಂತೆ. ತಿರುಗಲಿಲ್ಲ. ಅವನ ಮುಖ ಬಾಡಿತು. ಕೈ ಚಾಚಿ, ಆಕೆಗೆ ಕಾಣದ ಹಾಗೆ, ಹಿಂದಿನ ಸಾಲಿನ ಒಂದು ತರಿಯನ್ನು ನಿಲ್ಲಿಸಿದ.

ವಿಜಯಮ್ಮ ನೆಲದ ಅದುರನ್ನು ಆಲಿಸುವಂತೆ ಬರಿಗಾಲ ಹಿಮ್ಮಡಿಯನ್ನು ಒಮ್ಮೆ ಒತ್ತಿದರು. ಆಮೇಲೆ ತಿರುಗದೆಯೇ ಎಡಗೈಯನ್ನು ಹಿಂದಕ್ಕೆ ಚಾಚಿ, ನಿಂತ ತರಿಯ ಕಡೆಗೇ ಬೆರಳು ತೋರಿಸಿ, ಏನಾಯಿತು ಅದಕ್ಕೆ ಎನ್ನುವಂತೆ ಅಂಗೈ ಅಲುಗಿಸಿದರು.

ಕುಮರೇಶನ್ ಅದನ್ನು ಓಡಿಸಿ ಇನ್ನೊಂದನ್ನು ನಿಲ್ಲಿಸಿದ. ಆಕೆಯ ಕೈ ಅದರ ಕಡೆ ತಿರುಗಿತು. ಮೂರನೆಯದನ್ನು ನಿಲ್ಲಿಸಿದಾಗ ವಿಜಯಮ್ಮ ಪೂರ್ತಿ ತಿರುಗಿದರು, ಸೊಂಟದ ಮೇಲೆ ಕೈಯಿಟ್ಟು.

ಮಹೇಶನಿಗೆ ಏನೂ ಕೇಳುವಂತಿರಲಿಲ್ಲ. ಆದರೆ ನಿನ್ನೆಯಿಂದ ಅವನ ಕಣ್ಣು ಜನರ ತುಟಿ ಬಿಟ್ಟು ಕದಲಿರಲಿಲ್ಲ. ಬೊಂಬೆಗಳಿಗೆ ಬಾಯಿ ಬರೆಯುವುದನ್ನು ಕಲಿಸುತ್ತ ಬಂದವನು ಜೀವಂತ ಬಾಯಿಯನ್ನು ಮೊದಲ ಸಲ ಓದಲು ಕುತ್ತಿಗೆ ಮುಂದೆ ಮಾಡಿದ. ಅರ್ಧ ಹಾರಿಹೋಯಿತು, ಅರ್ಧ ದಕ್ಕಿತು.

ಮೂಲೆಯದು ಬೇಡ, ಅನ್ನುತ್ತಿದ್ದ ಕುಮರೇಶನ್. ಅಲ್ಲಿ ನೀನು ಯಾರಿಗೂ ಕಾಣಲ್ಲ. ಮಧ್ಯದ್ದು ಇರಲಿ. ಪಂಕಜಂ ಪಕ್ಕದಲ್ಲಿರ್ತಾಳೆ.

ವಿಜಯಮ್ಮ ತಂಗಿಯ ಮರದ ಅಂಚನ್ನು ಒಂದು ಸಲ ಸವರಿದರು. ಆಮೇಲೆ ಮಗನಿಗೆ ಏನೋ ಹೇಳಿದರು. ಪಂಕಜಂ ನಗುವುದನ್ನು ನೋಡಿ ಮಹೇಶ ಊಹಿಸಿದ: ಸಾಧುವನ್ನ ಕಿತ್ಕೊಂಡು ಸೊಸೇನ ಕಟ್ಟಿದೆಯಲ್ಲೋ.

ಕುಮರೇಶನ್ ಹೋಗಲಿಲ್ಲ. ಒಂದು ಹೆಜ್ಜೆ ಮುಂದೆ ಬಂದು, ಅಮ್ಮನ ಎದುರಿಗೆ ಬೆಳಕಿಗೆ ಮುಖ ಮಾಡಿ ನಿಂತು, ಬಾಯಿ ಬಿಡಿಸಿ ಕೇಳಿದ. ಇದನ್ನು ಮಹೇಶ ಪೂರ್ತಿ ಓದಿದ.

"ಕಿವಿ ಕೇಳದೆ, ನನಗೂ ಹೇಳದೆ, ಇಷ್ಟು ದಿನ ಹೆಂಗಮ್ಮಾ ನಿಂತೆ ಇಲ್ಲಿ?"

ವಿಜಯಮ್ಮ ಸೊಸೆಯ ಹಿಡಿಗೆ ಕೈ ಹಾಕಿದರು. ಬಾಗಿಲಲ್ಲಿ ಕತ್ತು ಚಾಚಿ ನಿಂತಿದ್ದ ಮಹೇಶನತ್ತ ಗದ್ದ ಎತ್ತಿ ತೋರಿಸಿ, ಅವನಿಗೂ ತಪ್ಪದೆ ಅರ್ಥವಾಗುವಷ್ಟು ನಿಧಾನವಾಗಿ ತುಟಿ ಆಡಿಸಿದರು.

"ಕೇಳದೆ ಇದ್ದದ್ದಕ್ಕೇ ನಿಂತೆ. ಕೇಳಿಸ್ತಿದ್ದಿದ್ರೆ ಈ ಎಂಟು ತರಿ, ನಿನ್ನ ಕೂಗು, ಆ ತಂಬಿಯ ಕೊರೆತ... ಆ ಮುಳ್ಳುಹಂದಿ ತಾತನ ಹಂಗೆ ಎಂದೋ ಓಡಿಹೋಗ್ತಿದ್ದೆ."